ದಸರಾ ಕಳೆದ ಮೇಲೆ ಹಳ್ಳಿ ರಸ್ತೆಯಲ್ಲಿ ಕಾಡುಜೀವಿಗಳನ್ನು ನೋಡುವುದು ಹೇಗೆ

ಕಾಡುಪ್ರಾಣಿ ನೋಡಬೇಕು ಅಂದರೆ ಸಫಾರಿಗೇ ಹೋಗಬೇಕು ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ದಸರಾ ರಜೆ ಬಂತೆಂದರೆ ಬಂಡೀಪುರ, ನಾಗರಹೊಳೆ ಕಡೆ ಕಾರುಗಳ ಸಾಲು. ಆದರೆ ಅಕ್ಟೋಬರ್ ಹೊತ್ತಿಗೆ ಕಾಡಿನಲ್ಲಿ ಹುಲ್ಲು, ಲಂಟಾನ ಪೊದೆ ಎದೆಮಟ್ಟ ಬೆಳೆದಿರುತ್ತವೆ. ಪ್ರತಿ ಹಳ್ಳದಲ್ಲೂ ನೀರಿರುತ್ತದೆ. ಬೇಸಿಗೆಯ ಹಾಗೆ ಪ್ರಾಣಿಗಳು ಒಂದೇ ಕೆರೆಗೆ ಬಂದು ಸೇರಬೇಕಾಗಿಲ್ಲ. ಹತ್ತು ಅಡಿ ಆಚೆ ಆನೆ ನಿಂತಿದ್ದರೂ ಕಾಣದೆ ಹೋಗಬಹುದು.

ಬಯಲುಸೀಮೆಯ ಹಳ್ಳಿ ರಸ್ತೆಯಲ್ಲಿ ಇದೇ ತಿಂಗಳುಗಳು ಸುಗ್ಗಿ. ಚಿತ್ತೆ, ಸ್ವಾತಿ ಮಳೆ ಮುಗಿಯುವ ಹೊತ್ತಿಗೆ ಕೆರೆಗಳಲ್ಲಿ ನೀರು, ಹೊಲದಲ್ಲಿ ತೆನೆ, ಹುಲ್ಲಿನ ತುಂಬಾ ಮಿಡತೆ. ಅದನ್ನು ತಿನ್ನಲು ಇಲ್ಲಿನ ಹಕ್ಕಿಗಳ ಜೊತೆ ಉತ್ತರದಿಂದ ವಲಸೆ ಬಂದವೂ ಸೇರಿಕೊಳ್ಳುತ್ತವೆ. ಇವನ್ನು ನೋಡಲು ಟಿಕೆಟ್ ಬೇಡ. ನಿಧಾನ ಬೇಕು, ಎಲ್ಲಿ ನೋಡಬೇಕು ಅಂತ ಗೊತ್ತಿರಬೇಕು, ಅಷ್ಟೇ.

ಮೊದಲು ರಸ್ತೆ ಹುಡುಕಿ

ಜಾಗಕ್ಕಿಂತ ರಸ್ತೆಯ ಆಯ್ಕೆ ಮುಖ್ಯ. ಹೆದ್ದಾರಿ ಬೇಡ. ಹಿಂದಿನಿಂದ ಲಾರಿ ಹಾರ್ನ್ ಹೊಡೆಯುವ ಕಡೆ ಯಾರೂ ನೆಮ್ಮದಿಯಾಗಿ ಹಕ್ಕಿ ನೋಡಲಾಗದು. ಫೋನಿನ ಮ್ಯಾಪಿನಲ್ಲಿ ಸ್ಯಾಟಲೈಟ್ ನೋಟ ತೆರೆಯಿರಿ. ಹೊಲ, ಕೆರೆ, ಗೋಮಾಳ, ಸಣ್ಣ ಗುಡ್ಡ, ಈ ನಾಲ್ಕರಲ್ಲಿ ಮೂರಾದರೂ ಪಕ್ಕದಲ್ಲೇ ಸಿಗುವ ಹದಿನೈದು ಇಪ್ಪತ್ತು ಕಿಲೋಮೀಟರ್ ರಸ್ತೆ ಹುಡುಕಿ. ಕೆರೆ ಏರಿ ಮೇಲೆ ಹಾದುಹೋಗುವ ರಸ್ತೆ ಸಿಕ್ಕರೆ ಬಿಡಲೇಬೇಡಿ. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ, ತೋಟ. ಎರಡೂ ಕಡೆಯ ಜೀವಿಗಳು ಒಂದೇ ಜಾಗದಿಂದ ಕಾಣುತ್ತವೆ.

ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗದಿದ್ದರೆ ಕೆಲವು ಕಡೆ ಹೇಳುತ್ತೇನೆ. ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಸುತ್ತ ಕೃಷ್ಣಮೃಗಗಳಿವೆ. 2007ರಲ್ಲಿ ಜಯಮಂಗಲಿ ಹೆಸರಿನ ಸಂರಕ್ಷಿತ ಪ್ರದೇಶ ಆಗಿದ್ದು ಇಲ್ಲೇ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಿಂದಲೂ ಕೃಷ್ಣಮೃಗ ಅಭಯಾರಣ್ಯ ಇದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ, ಅಂದರೆ ಬೆಂಗಳೂರು ಪಕ್ಕದ ಮಾಗಡಿ ಅಲ್ಲ, ಶಿರಹಟ್ಟಿ ಕಡೆಯ ಮಾಗಡಿಗೆ, ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಅದಕ್ಕೆ ರಾಮ್ಸರ್ ಮಾನ್ಯತೆಯೂ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಮನ್ನಣೆಯೂ ಸಿಕ್ಕಿತು. ಬೆಂಗಳೂರಿನವರಿಗೆ ಹೆಸರಘಟ್ಟದ ಹುಲ್ಲುಗಾವಲು ಹತ್ತಿರ.

ಆದರೂ ನನ್ನ ಮಾತು ಕೇಳುವುದಾದರೆ ನಿಮ್ಮ ಊರಿನ ಅಥವಾ ನೆಂಟರ ಊರಿನ ರಸ್ತೆಯಿಂದಲೇ ಶುರು ಮಾಡಿ. ಹೆಸರುವಾಸಿ ಜಾಗಕ್ಕೆ ವರ್ಷಕ್ಕೊಂದು ಸಲ ಹೋಗುವುದಕ್ಕಿಂತ ಒಂದೇ ರಸ್ತೆಯಲ್ಲಿ ಮತ್ತೆ ಮತ್ತೆ ಓಡಾಡಿದರೆ ಕಣ್ಣು ಬೇಗ ಪಳಗುತ್ತದೆ. ನಿನ್ನೆ ಇಲ್ಲದ ಹಕ್ಕಿ ಇವತ್ತು ಬಂದಿದೆ ಅನ್ನುವುದು ಆಗ ಮಾತ್ರ ಗೊತ್ತಾಗುವುದು.

ಹೊತ್ತು ಮತ್ತು ಬೆಳಕು

ಈ ತಿಂಗಳುಗಳಲ್ಲಿ ಸೂರ್ಯ ಹುಟ್ಟುವುದು ಆರು ಕಾಲರ ಆಸುಪಾಸು, ಮುಳುಗುವುದು ಹೆಚ್ಚು ಕಡಿಮೆ ಆರಕ್ಕೆ. ಬೆಳಗ್ಗೆ ಆರರಿಂದ ಒಂಬತ್ತು, ಸಂಜೆ ನಾಲ್ಕರಿಂದ ಕತ್ತಲಾಗುವ ತನಕ ಒಳ್ಳೆಯ ಹೊತ್ತು.

ಬೆಳಗ್ಗೆಯಾದರೆ ಪಶ್ಚಿಮಕ್ಕೆ ಮುಖ ಮಾಡಿ ಹೋಗಿ, ಸಂಜೆಯಾದರೆ ಪೂರ್ವಕ್ಕೆ. ಸೂರ್ಯ ಬೆನ್ನ ಹಿಂದೆ ಇದ್ದರೆ ಹಕ್ಕಿಯ ಬಣ್ಣ ಸರಿಯಾಗಿ ಕಾಣುತ್ತದೆ. ಎದುರಿಗಿದ್ದರೆ ತಂತಿಯ ಮೇಲೆ ಕೂತ ನೀಲಕಂಠವೂ ಕಪ್ಪು, ಕಾಜಾಣವೂ ಕಪ್ಪು. ಮ್ಯಾಪ್ ನೋಡುವಾಗಲೇ ದಿಕ್ಕು ಲೆಕ್ಕ ಹಾಕಿಕೊಳ್ಳಿ.

ಇಬ್ಬನಿ ಜಾಸ್ತಿ ಬಿದ್ದ ಬೆಳಗ್ಗೆ ತಪ್ಪಿಸಬೇಡಿ. ಹುಲ್ಲೆಲ್ಲ ಒದ್ದೆಯಾಗಿರುವುದರಿಂದ ಗೌಜಲಕ್ಕಿ, ನವಿಲು, ಮೊಲ ಇವೆಲ್ಲ ಮೈ ಒಣಗಿಸಿಕೊಳ್ಳಲು ಬಯಲಾದ ದಾರಿಗೆ ಬರುತ್ತವೆ. ಬಿಸಿಲು ಏರಿದ ಮೇಲೆ ಅದೇ ಗೌಜಲಕ್ಕಿ ಬೇಲಿಯೊಳಗಿಂದ ಕೂಗುವುದು ಕೇಳೀತು, ಕಾಣುವುದು ಕಷ್ಟ.

ಗಾಡಿ ಓಡಿಸುವ ಬಗೆ

ಕಾರು ಇಲ್ಲಿ ಒಳ್ಳೆಯ ಮರೆ. ಓಡಾಡುವ ವಾಹನಕ್ಕೆ ಹಕ್ಕಿ, ಜಿಂಕೆ ಅಷ್ಟು ಹೆದರುವುದಿಲ್ಲ. ಬಾಗಿಲು ತೆಗೆದು ಮನುಷ್ಯ ಕೆಳಗಿಳಿದ ಕೂಡಲೇ ಓಡುತ್ತವೆ. ಹಾಗಾಗಿ ಕೂತಲ್ಲಿಂದಲೇ ನೋಡಿ. ಕಿಟಕಿ ಇಳಿಸಿ, ಎ.ಸಿ., ಹಾಡು ಎರಡೂ ಬಂದ್ ಮಾಡಿ. ಅರ್ಧದಷ್ಟು ಜೀವಿಗಳ ಸುಳಿವು ಕಿವಿಗೇ ಮೊದಲು ಸಿಗುವುದು. ಟಿಟ್ಟಿಭ ಹಕ್ಕಿ ಒಂದೇ ಸಮನೆ ಕಿರುಚುತ್ತಿದ್ದರೆ ಅದರ ಹತ್ತಿರ ನಾಯಿಯೋ, ಮುಂಗುಸಿಯೋ, ಹಾವೋ ಇರಬಹುದು ಅಂತ ಅರ್ಥ.

ವೇಗ ಗಂಟೆಗೆ ಇಪ್ಪತ್ತು, ಹೆಚ್ಚೆಂದರೆ ಮೂವತ್ತು ಕಿಲೋಮೀಟರ್. ಓಡಿಸುವವರು ರಸ್ತೆ ಮಾತ್ರ ನೋಡಬೇಕು. ಹುಡುಕುವ ಕೆಲಸ ಪಕ್ಕದವರದು, ಹಿಂದಿನವರದು. ಒಬ್ಬರೇ ಹೋಗಿದ್ದರೆ ಐದು ನಿಮಿಷ ಓಡಿಸಿ, ನಿಲ್ಲಿಸಿ, ನೋಡಿ, ಮತ್ತೆ ಹೊರಡಿ. ಓಡಿಸುತ್ತಾ ಬೈನಾಕ್ಯುಲರ್ ಎತ್ತುವವರನ್ನು ಕಂಡಿದ್ದೇನೆ. ಹಳ್ಳಿ ರಸ್ತೆಯಲ್ಲಿ ಮಕ್ಕಳು ಸೈಕಲ್ ಹೊಡೆಯುತ್ತಿರುತ್ತಾರೆ, ಎಮ್ಮೆಗಳು ದಾಟುತ್ತಿರುತ್ತವೆ. ಯಾವ ಹಕ್ಕಿಗೂ ಅಷ್ಟು ಬೆಲೆ ಇಲ್ಲ.

ಏನೋ ಕಂಡಿತು ಅಂತ ಗಕ್ಕನೆ ಬ್ರೇಕ್ ಹಾಕಬೇಡಿ. ಸ್ವಲ್ಪ ಮುಂದೆ ಹೋಗಿ, ರಸ್ತೆ ಬಿಟ್ಟು ಅಂಚಿಗೆ ಇಳಿಸಿ, ಎಂಜಿನ್ ಆಫ್ ಮಾಡಿ. ತಿರುವಿನಲ್ಲಿ, ಸೇತುವೆ ಮೇಲೆ ನಿಲ್ಲಿಸುವುದು ಬೇಡ. ಹೊಲಕ್ಕೆ ಹೋಗುವ ಬಂಡಿ ದಾರಿಗೆ ಅಡ್ಡ ನಿಲ್ಲಿಸಿದರಂತೂ ಟ್ರ್ಯಾಕ್ಟರಿನವರು ಬೈದೇ ಬೈಯುತ್ತಾರೆ, ಬೈಯಬೇಕು ಕೂಡ.

ನವೆಂಬರ್ ದಾಟಿದ ಮೇಲೆ ಇನ್ನೊಂದು ವಿಷಯ. ರಾಗಿ, ಹುರುಳಿ ಕೊಯ್ದವರು ವಾಹನಗಳು ತುಳಿಯಲಿ ಅಂತ ರಸ್ತೆ ಮೇಲೇ ಹರಡಿರುತ್ತಾರೆ. ಹುರುಳಿ ಸೊಪ್ಪು ಚಕ್ರದ ಹತ್ತಿರ ಸುತ್ತಿಕೊಂಡು ಬೆಂಕಿ ಹತ್ತಿದ ಸಂಗತಿ ಪೇಪರಿನಲ್ಲಿ ನೀವೂ ಓದಿರುತ್ತೀರಿ. ಪಕ್ಕದಲ್ಲಿ ಜಾಗ ಇದ್ದರೆ ತಪ್ಪಿಸಿ ಹೋಗಿ. ಆದರೆ ಸ್ವಲ್ಪ ದೂರದಲ್ಲಿ ನಿಂತು ಈ ಕಣವನ್ನು ಗಮನಿಸಿ. ಕಾಳಿಗೆ ಬೆಳವ, ಗುಬ್ಬಿ, ರಾಟವಾಳ ಬರುತ್ತವೆ. ಇಲಿಯೂ ಬರುತ್ತದೆ. ಇಲಿ ಬಂದ ಕಡೆ ಸಂಜೆಗೆ ಗೂಬೆ ಬರುತ್ತದೆ, ಹಾವೂ ಬರುತ್ತದೆ.

ಎಲ್ಲಿ ನೋಡಬೇಕು

ಹೊಸಬರು ಎಲ್ಲ ಕಡೆ ಕಣ್ಣಾಡಿಸಿ ಸುಸ್ತಾಗುತ್ತಾರೆ. ಒಂದು ಕ್ರಮ ಇಟ್ಟುಕೊಂಡರೆ ಸುಲಭ. ಮೊದಲು ತಂತಿ, ಆಮೇಲೆ ಬೇಲಿ, ಆಮೇಲೆ ಹೊಲದ ಬಯಲು, ಕೊನೆಗೆ ನೀರು.

ಕರೆಂಟ್ ತಂತಿಯೇ ಈ ಕಾಲದ ದೊಡ್ಡ ಪಾಠಶಾಲೆ. ಉದ್ದ ಬಾಲ ಕವಲೊಡೆದ ಕರಿ ಹಕ್ಕಿ ಕಾಜಾಣ. ಕೂತಾಗ ಮಂಕು ಕಂದು, ಹಾರಿದ ಕೂಡಲೇ ರೆಕ್ಕೆಯಲ್ಲಿ ಎರಡು ಬಗೆಯ ನೀಲಿ ಮಿಂಚಿದರೆ ಅದು ನೀಲಕಂಠ, ನಮ್ಮ ರಾಜ್ಯದ ಹಕ್ಕಿ. ಹಸಿರು ಮೈ, ಬಾಲದ ತುದಿಯಲ್ಲಿ ಎರಡು ಸೂಜಿಯಂಥ ಗರಿ ಇದ್ದರೆ ಕಳ್ಳಿಪೀರ. ಸಾಲಾಗಿ ಹತ್ತಾರು ಸಣ್ಣ ಹಕ್ಕಿಗಳು ಒತ್ತೊತ್ತಾಗಿ ಕೂತಿದ್ದರೆ ಕವಲುತೋಕೆಗಳೇ ಇರಬೇಕು. ಇವುಗಳಲ್ಲಿ ಬಹಳಷ್ಟು ಈಗಷ್ಟೇ ಹಿಮಾಲಯದ ಕಡೆಯಿಂದ, ಅದರಾಚೆಯಿಂದ ಬಂದವು. ಕಂಬದ ತುದಿಯನ್ನೂ ನೋಡಿ. ಬೂದು-ಬಿಳಿ ಮೈ, ಹೆಗಲ ಮೇಲೆ ಕರಿ ಪಟ್ಟಿ, ಕೆಂಪು ಕಣ್ಣಿನ ಸಣ್ಣ ಗಿಡುಗ ಅಲ್ಲಿ ಕೂರುವುದು ರೂಢಿ. ಇಲಿಗಳನ್ನು ಹಿಡಿದು ರೈತರಿಗೆ ದೊಡ್ಡ ಉಪಕಾರ ಮಾಡುವ ಹಕ್ಕಿ ಅದು.

ಬೇಲಿಯಲ್ಲಿ ಜಾಲಿ ಮುಳ್ಳು ಇದ್ದರೆ ಸ್ವಲ್ಪ ಹೊತ್ತು ನಿಲ್ಲಿ. ಕಣ್ಣಿಗೆ ಕರಿ ಪಟ್ಟಿ ಕಟ್ಟಿದಂತಿರುವ ಕಳಿಂಗ ಹಕ್ಕಿ ತುದಿಯ ಕೊಂಬೆಯಲ್ಲೇ ಕೂರುತ್ತದೆ. ಹಿಡಿದ ಮಿಡತೆ, ಹಲ್ಲಿಯನ್ನು ಮುಳ್ಳಿಗೆ ಚುಚ್ಚಿ ಇಡುವ ಅಭ್ಯಾಸ ಅದಕ್ಕಿದೆ. ಅದು ಕೂತ ಗಿಡದ ಮುಳ್ಳುಗಳನ್ನು ಬೈನಾಕ್ಯುಲರ್‌ನಲ್ಲಿ ಒಂದೊಂದಾಗಿ ನೋಡಿದರೆ ಆ ದಾಸ್ತಾನು ಕಾಣಬಹುದು. ಬಾವಿಯ ಮೇಲೆ ಬಾಗಿದ ಜಾಲಿ, ಈಚಲು ಮರಗಳಲ್ಲಿ ಗೀಜಗನ ಗೂಡುಗಳು ಇನ್ನೂ ನೇತಾಡುತ್ತಿರುತ್ತವೆ. ಮರಿಗಳು ಹಾರಿಹೋಗಿದ್ದರೂ ಗೂಡು ಮುಟ್ಟಬೇಡಿ. ರಾಟವಾಳಗಳು ರಾತ್ರಿ ತಂಗಲು ಹಳೆ ಗೂಡನ್ನೇ ಬಳಸುವುದುಂಟು.

ಹೊಲದ ಬಯಲು ನೋಡುವಾಗ ಬದುವಿನ ಗೆರೆ ಹಿಡಿದು ಕಣ್ಣು ಓಡಿಸಿ. ನವಿಲು ಕಾಣುವುದು ಅಲ್ಲೇ. ಈಗ ಗಂಡು ನವಿಲಿಗೆ ಉದ್ದ ಗರಿ ಇರುವುದಿಲ್ಲ. ಮಳೆಗಾಲ ಮುಗಿಯುತ್ತಾ ಉದುರಿ, ಹೊಸದು ಬೆಳೆಯುತ್ತಿರುತ್ತದೆ. ಗರಿ ಇಲ್ಲ ಅಂತ ಹೆಣ್ಣು ಅಂದುಕೊಳ್ಳಬೇಡಿ. ಕತ್ತು ಎದೆಯವರೆಗೂ ಗಾಢ ನೀಲಿ ಇದ್ದರೆ ಗಂಡು, ಹಸಿರು ಛಾಯೆ ಇದ್ದು ಹೊಟ್ಟೆ ಬೆಳ್ಳಗಿದ್ದರೆ ಹೆಣ್ಣು.

ಇನ್ನು ಸೆಳೆವ, ಇಂಗ್ಲಿಷಿನಲ್ಲಿ ಹ್ಯಾರಿಯರ್ ಅನ್ನುವ ಬೇಟೆಹಕ್ಕಿ. ಈ ಕಾಲದಲ್ಲಿ ಬಯಲುಸೀಮೆ ರಸ್ತೆಯಲ್ಲಿ ನೋಡಲೇಬೇಕಾದ ಹಕ್ಕಿ ಯಾವುದು ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಕಜಕಸ್ತಾನದ ಹುಲ್ಲುಬಯಲುಗಳಲ್ಲಿ ಮರಿ ಮಾಡಿ ಇಲ್ಲಿಯವರೆಗೆ ಹಾರಿ ಬರುತ್ತದೆ. ಹದ್ದಿನ ಹಾಗೆ ಎತ್ತರದಲ್ಲಿ ಸುತ್ತುವುದಿಲ್ಲ. ಬೆಳೆಯ ಮೇಲೆ ಒಂದಾಳೆತ್ತರದಲ್ಲಿ, ಉದ್ದ ರೆಕ್ಕೆಗಳನ್ನು ಸ್ವಲ್ಪ ಮೇಲಕ್ಕೆತ್ತಿ, ಅತ್ತಿತ್ತ ವಾಲುತ್ತಾ ತೇಲುತ್ತದೆ. ಗಂಡು ತಿಳಿ ಬೂದು. ಹೆಣ್ಣು ಕಂದು, ಬಾಲದ ಬುಡದಲ್ಲಿ ಬಿಳಿ ಪಟ್ಟಿ. ತಿನ್ನುವುದು ಮಿಡತೆ, ಇಲಿ, ಸಣ್ಣ ಹಕ್ಕಿ. ರಾತ್ರಿ ಮರ ಹತ್ತುವುದಿಲ್ಲ, ಹುಲ್ಲಿನಲ್ಲಿ ನೆಲದ ಮೇಲೇ ಗುಂಪಾಗಿ ಮಲಗುತ್ತವೆ. ಹುಲ್ಲುಗಾವಲನ್ನು ಬರೀ ಪಾಳು ಭೂಮಿ ಅಂತ ಲೇಔಟ್ ಮಾಡಿದರೆ, ಸಸಿ ನೆಟ್ಟು ಕಾಡು ಮಾಡಿದರೂ ಅಷ್ಟೇ, ಇವಕ್ಕೆ ಮಲಗಲು ಜಾಗ ಇರುವುದಿಲ್ಲ. ಹೆಸರಘಟ್ಟದ ಹುಲ್ಲುಗಾವಲಿಗಾಗಿ ಜನ ವರ್ಷಗಟ್ಟಲೆ ಹೋರಾಡಿದ್ದು ಇಂಥ ಕಾರಣಗಳಿಗೇ.

ಕೊನೆಗೆ ನೀರು. ಏರಿಯ ಮೇಲಿಂದ ಮೊದಲು ನೀರಿನ ಅಂಚು, ಕೆಸರು ನೋಡಿ. ಬಾಲ ಕುಣಿಸುತ್ತಾ ಓಡಾಡುವ ಸಿಪಿಲೆ ಬಂದಿದ್ದರೆ ವಲಸೆ ಶುರುವಾಗಿದೆ ಅಂತ ತಿಳಿಯಿರಿ. ಬಾತುಗಳು ನವೆಂಬರ್ ಮುಂದೆ ಹೋದಂತೆ ಹೆಚ್ಚುತ್ತವೆ. ಪಟ್ಟೆತಲೆ ಹೆಬ್ಬಾತನ್ನು ಗುರುತಿಸುವುದು ಸುಲಭ: ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕರಿ ಪಟ್ಟೆ. ಹಗಲು ಕೆರೆಯಲ್ಲಿ ವಿಶ್ರಾಂತಿ, ಕತ್ತಲಾದ ಮೇಲೆ ಹೊಲಗಳಲ್ಲಿ ಮೇವು. ಸಂಜೆ ಕೆರೆ ಬಿಟ್ಟು ಹೊರಡುವ ಹೊತ್ತಿಗೆ ಏರಿಯ ಬುಡದಲ್ಲಿ ಕಾದರೆ ಇಡೀ ಹಿಂಡು ತಲೆಯ ಮೇಲೆ ಕೂಗುತ್ತಾ ಹಾದುಹೋಗುತ್ತದೆ.

ಬಿಸಿಲೇರಿದ ಮೇಲೆ ಚಿಟ್ಟೆ

ಹತ್ತು ಗಂಟೆಯ ಮೇಲೆ ಹಕ್ಕಿಗಳು ಸುಮ್ಮನಾಗುತ್ತವೆ. ಆಗ ಕೆಳಗಿಳಿದು ರಸ್ತೆ ಬದಿಯ ಗಿಡ ನೋಡಿ. ಎಕ್ಕದ ಗಿಡದಲ್ಲಿ ಕಿತ್ತಳೆ ಬಣ್ಣದ ಚಿಟ್ಟೆಗಳು ಮೊಟ್ಟೆಯಿಡುತ್ತವೆ. ಒಣಗಿದ ಕಾಯಿ ಗಿಲಿಗಿಲಿ ಸದ್ದು ಮಾಡುವ ಹಳದಿ ಹೂವಿನ ಗಿಡ ಇದ್ದರೆ ಅದರ ಮೇಲೆ ಕರಿ-ನೀಲಿ ಚಿಟ್ಟೆಗಳು ಮುತ್ತಿಕೊಂಡಿರಬಹುದು. ಇವು ಬೇಸಿಗೆ ಕೊನೆಗೆ ಘಟ್ಟದಿಂದ ಪೂರ್ವದ ಬಯಲಿಗೆ ಬಂದು, ಮಳೆ ಮುಗಿದ ಮೇಲೆ ಮತ್ತೆ ಘಟ್ಟದ ಕಡೆ ಹೊರಡುವ ಜಾತಿಗಳು. ಮಲೆನಾಡಿನ ರಸ್ತೆಯಲ್ಲಾದರೆ ಅಂಗೈಗಿಂತ ದೊಡ್ಡ, ಕಪ್ಪು ಮತ್ತು ಹಳದಿಯ ಸದರ್ನ್ ಬರ್ಡ್‌ವಿಂಗ್ ಕಾಣಬಹುದು. ಅದು ನಮ್ಮ ರಾಜ್ಯದ ಚಿಟ್ಟೆ.

ಮಕ್ಕಳು ಏರೋಪ್ಲೇನ್ ಚಿಟ್ಟೆ ಅನ್ನುವ ಹುಳಗಳೂ ಹೊಲದ ಮೇಲೆ ನೂರಾರು ಹಾರುತ್ತಿರುತ್ತವೆ. ಅವುಗಳಲ್ಲಿ ಕಂದು-ಹಳದಿ ಬಣ್ಣದ ಒಂದು ಜಾತಿ ಈ ಕಾಲದ ಗಾಳಿ ಹಿಡಿದು ಮಾಲ್ಡೀವ್ಸ್ ಮೇಲಾಗಿ ಸಮುದ್ರ ದಾಟಿ ಆಫ್ರಿಕಾದ ಕಡೆ ಹೋಗುತ್ತದೆ. ಬೆರಳುದ್ದದ ಹುಳ ಅಲ್ವಾ ಅಂತ ಬಿಟ್ಟುಬಿಡಬೇಡಿ.

ಜಿಂಕೆ, ನರಿ, ತೋಳ

ಕೃಷ್ಣಮೃಗದ ಹಿಂಡು ಕಂಡರೆ ನಿಂತಲ್ಲೇ ನಿಲ್ಲಿ. ಅವು ತಲೆಯೆತ್ತಿ ನಿಮ್ಮನ್ನೇ ನೋಡುತ್ತಿದ್ದರೆ ಆಗಲೇ ನೀವು ಸಾಕಷ್ಟು ಹತ್ತಿರ ಬಂದಿದ್ದೀರಿ. ಮತ್ತೆ ಮೇಯಲು ತಲೆ ಬಗ್ಗಿಸುವ ತನಕ ಅಲುಗಾಡಬೇಡಿ. ಅವು ನೆಗೆಯುವುದನ್ನು ವಿಡಿಯೊ ಮಾಡಬೇಕು ಅಂತ ಗಾಡಿ ಹೊಲಕ್ಕಿಳಿಸಿ ಅಟ್ಟಿಸಿಕೊಂಡು ಹೋಗುವುದು ಕ್ರೌರ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಪ್ರಾಣಿಯನ್ನು ಅಟ್ಟುವುದು, ಆಮಿಷ ಒಡ್ಡುವುದೂ ಬೇಟೆಯೆಂದೇ ಲೆಕ್ಕ.

ಗದಗ, ಕೊಪ್ಪಳ ಕಡೆ ಕುರಿ ಹಿಂಡಿನ ಹಿಂದೆ ತೋಳ ಇರಬಹುದು. ದೂರದಿಂದ ಊರ ನಾಯಿ ಅನ್ನಿಸುತ್ತದೆ. ಉದ್ದ ಕಾಲು, ಇಳಿಬಿಟ್ಟ ಬಾಲ, ತಲೆ ತಗ್ಗಿಸಿ ಒಂದೇ ಗತಿಯಲ್ಲಿ ಓಡುವ ರೀತಿ ಗಮನಿಸಿ. ನರಿ ಇದಕ್ಕಿಂತ ಗಿಡ್ಡ. ಕಂಕನರಿ ಇನ್ನೂ ಸಣ್ಣದು, ಹೆಚ್ಚು ಕಡಿಮೆ ದೊಡ್ಡ ಬೆಕ್ಕಿನಷ್ಟು, ಪೊದೆಯಂಥ ಉದ್ದ ಬಾಲದ ತುದಿ ಕಪ್ಪು. ಕುರಿ ಕಾಯುವವರು ಸಿಕ್ಕರೆ ಗಾಡಿ ನಿಲ್ಲಿಸಿ, "ಅಣ್ಣಾ, ಈ ಕಡೆ ತೋಳ ಅದಾವೇನ್ರಿ?" ಅಂತ ಕೇಳಿ. ಯಾವ ಗುಡ್ಡದಲ್ಲಿ, ಯಾವ ಹೊತ್ತಿನಲ್ಲಿ ಅಂತ ಅವರು ಹೇಳುವಷ್ಟು ನಿಖರವಾಗಿ ಯಾವ ಆ್ಯಪೂ ಹೇಳುವುದಿಲ್ಲ. ತೋಳ ಅವರ ಕುರಿ ಹೊತ್ತುಕೊಂಡು ಹೋಗಿದ್ದರೆ ಆ ನೋವನ್ನೂ ಕೇಳಿಸಿಕೊಳ್ಳಿ.

ಕತ್ತಲಾದ ಮೇಲೆ

ಸೂರ್ಯ ಮುಳುಗಿದ ಅರ್ಧ ಗಂಟೆಯಲ್ಲಿ ರಸ್ತೆಯ ಮೇಲೇ ಜೀವಿಗಳು ಬರುತ್ತವೆ. ಡಾಂಬರು ಬಿಸಿ ಹಿಡಿದಿಟ್ಟುಕೊಂಡಿರುವುದರಿಂದ ಹಾವುಗಳು ಬಂದು ಮಲಗುತ್ತವೆ. ರಸ್ತೆ ನಡುವೆ ಎರಡು ಕೆಂಪು ಕೆಂಡದಂಥ ಚುಕ್ಕೆ ಹೊಳೆದರೆ ಅದು ನತ್ತಿಂಗ ಹಕ್ಕಿಯ ಕಣ್ಣು. ಕೊನೆಯ ಗಳಿಗೆಯವರೆಗೂ ಏಳುವುದಿಲ್ಲ, ಅದಕ್ಕೇ ಎಷ್ಟೋ ಚಕ್ರಕ್ಕೆ ಸಿಕ್ಕು ಸಾಯುತ್ತವೆ. ಲೈಟ್ ಡಿಮ್ ಮಾಡಿ, ನಿಂತು, ಅದು ಎದ್ದ ಮೇಲೆ ಹೋಗಿ. ಹಾವು ಇದ್ದರೆ ಗಾಡಿಯಿಂದ ಇಳಿಯಬೇಡಿ. ಕೋಲಿನಿಂದ ಪಕ್ಕಕ್ಕೆ ತಳ್ಳುವ ಸಾಹಸ ಬೇಡ. ತಾನಾಗಿ ದಾಟುತ್ತದೆ. ಹಿಂದಿನಿಂದ ವಾಹನ ಬಂದರೆ ಕಾಣಲಿ ಅಂತ ಇಂಡಿಕೇಟರ್ ಹಾಕಿಕೊಂಡಿರಿ.

ನಿಮ್ಮ ದಾರಿ ಕಾಡಿನ ನಡುವೆ ಹಾದುಹೋಗುವುದಾದರೆ ಮೇಲೆ ಹೇಳಿದ್ದೆಲ್ಲ ಅಲ್ಲಿಗೆ ಅನ್ವಯಿಸುವುದಿಲ್ಲ. ಅಲ್ಲಿ ನಿಲ್ಲಿಸಲೇಬಾರದು, ಇಳಿಯಬಾರದು, ಕೋತಿಗೆ, ಜಿಂಕೆಗೆ ತಿನ್ನಲು ಕೊಡಬಾರದು. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಹೆದ್ದಾರಿಯಲ್ಲಿ ಸಂಚಾರ ನಿರ್ಬಂಧ ಇದೆ. ಗೇಟ್ ಮುಚ್ಚುವ ಮೊದಲೇ ದಾಟುವಂತೆ ಹೊರಡಿ, ಆದರೆ ಹೊತ್ತಾಯಿತು ಅಂತ ಜೋರಾಗಿ ಓಡಿಸಬೇಡಿ.

ರಾಗಿ ಬಲಿಯುವ ಕಾಲಕ್ಕೆ ಆನೇಕಲ್, ಕನಕಪುರ ಕಡೆಯ ಹೊಲಗಳಿಗೆ ಆನೆ ಬರುತ್ತದೆ. ಕಾಡಂಚಿನ ಹಳ್ಳಿಗಳಲ್ಲಿ ಸಂಜೆ ಆರರ ಮೇಲೆ ಸುತ್ತಾಟ ಬೇಡ. ಹೊಲದ ಅಟ್ಟಣೆಯಲ್ಲಿ ರಾತ್ರಿಯಿಡೀ ಕಾವಲು ಕೂತವರಿಗೆ ಅದು ಜೀವ, ಜೀವನ ಎರಡರ ಪ್ರಶ್ನೆ. ಪಟಾಕಿ ಸದ್ದು, ಕೂಗಾಟ ಕೇಳಿದರೆ ನೋಡೋಣ ಅಂತ ಹತ್ತಿರ ಹೋಗದೆ ಗಾಡಿ ತಿರುಗಿಸಿಕೊಂಡು ಬನ್ನಿ.

ಏನು ಒಯ್ಯಬೇಕು, ಏನು ಬರೆದಿಡಬೇಕು

ಎಂಟು ಪಟ್ಟು ಹಿಗ್ಗಿಸುವ, 42 ಮಿಲಿಮೀಟರ್ ಗಾಜಿನ ಬೈನಾಕ್ಯುಲರ್ ಸಾಕು. ಇನ್ನೂ ಜಾಸ್ತಿ ಹಿಗ್ಗಿಸುವುದನ್ನು ಕೊಂಡರೆ ಕೈ ಅಲುಗಾಡಿ ಏನೂ ಕಾಣದು. ಕ್ಯಾಮೆರಾ ಇಲ್ಲದಿದ್ದರೆ ಒಳ್ಳೆಯದೇ, ಮೊದಲ ಕೆಲವು ಸಲ ಬರೀ ನೋಡಿ. ನೀರು, ಟೋಪಿ, ಒಂದು ಸಣ್ಣ ನೋಟ್‌ಬುಕ್ ಇರಲಿ. ಹಕ್ಕಿಯ ಕೂಗು ಗುರುತಿಸಲು ಮರ್ಲಿನ್ ಆ್ಯಪ್ ಉಚಿತವಾಗಿ ಸಿಗುತ್ತದೆ. ಅದು ಹೇಳಿದ್ದನ್ನೆಲ್ಲ ನಂಬಬೇಡಿ, ಕಣ್ಣಾರೆ ಕಂಡ ಮೇಲೆ ಬರೆದುಕೊಳ್ಳಿ.

ತಾರೀಕು, ಹೊತ್ತು, ಊರು, ಎಷ್ಟು ಕಂಡವು, ಏನು ಮಾಡುತ್ತಿದ್ದವು, ಇಷ್ಟು ಬರೆಯಿರಿ. ಇಂಥ ದಾಖಲೆ ಕೂಡಿಡುವ ಜಾಲತಾಣಗಳಿವೆ: ಹಕ್ಕಿಗಳ ಪಟ್ಟಿಯನ್ನು ಇ-ಬರ್ಡ್‌ಗೆ, ಉಳಿದ ಜೀವಿಗಳ ಫೋಟೊವನ್ನು ಐನ್ಯಾಚುರಲಿಸ್ಟ್‌ಗೆ ಹಾಕಿದರೆ ಸಂಶೋಧಕರಿಗೂ ಉಪಯೋಗ. ರಸ್ತೆಯಲ್ಲಿ ಸತ್ತು ಬಿದ್ದ ಪ್ರಾಣಿಯನ್ನೂ ಜಾಗ ಸಮೇತ ದಾಖಲಿಸಿ. ಎಲ್ಲಿ ವೇಗ ತಗ್ಗಿಸಬೇಕು ಅಂತ ಕೇಳಲು ಅದೇ ಸಾಕ್ಷಿ. ಆದರೆ ನಕ್ಷತ್ರ ಆಮೆ, ಕಾಡುಪಾಪ ಇಂಥವು ಸಿಕ್ಕ ಜಾಗವನ್ನು ಫೇಸ್‌ಬುಕ್, ವಾಟ್ಸಾಪ್‌ನಲ್ಲಿ ಹಾಕಲೇಬೇಡಿ. ಕದ್ದು ಮಾರುವವರು ಅದನ್ನೇ ಹುಡುಕುತ್ತಿರುತ್ತಾರೆ. ನಕ್ಷತ್ರ ಆಮೆ ರಸ್ತೆ ದಾಟುತ್ತಿದ್ದರೆ, ಗಾಡಿಗಳು ಬರುತ್ತಿಲ್ಲ ಅಂತ ನೋಡಿಕೊಂಡು, ಎರಡೂ ಕೈಯಲ್ಲಿ ಎತ್ತಿ ಅದು ಹೊರಟಿದ್ದ ದಿಕ್ಕಿಗೇ, ರಸ್ತೆಯಂಚಿನಾಚೆ ಬಿಡಿ. ಅದೃಷ್ಟ ಅಂತ ಮನೆಗೆ ತಂದರೆ ಜೈಲಾಗುತ್ತದೆ.

ಗಾಯಗೊಂಡ ಪ್ರಾಣಿ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಹತ್ತಿರದ ಊರು, ಕಿಲೋಮೀಟರ್ ಕಲ್ಲು ಅಥವಾ ಕರೆಂಟ್ ಕಂಬದ ಮೇಲೆ ಬರೆದ ನಂಬರ್ ಹೇಳಿದರೆ ಸಿಬ್ಬಂದಿಗೆ ಜಾಗ ಬೇಗ ಸಿಗುತ್ತದೆ. ಅವರು ಬರುವ ತನಕ ಜನ ಸುತ್ತುಗಟ್ಟದ ಹಾಗೆ ನೋಡಿಕೊಳ್ಳಿ, ನೀರು ಕುಡಿಸಲು ಹೋಗಬೇಡಿ.